ಇಲ್ಲದ ಚೆಂಡು

ಅಂಟು, ಕಾಲಿಟ್ಟಲ್ಲೆಲ್ಲ ಅಂಟು, ಸಮುದ್ರದ ತೇವ ಕುಡಿದು ಕುಡಿದು ಉಬ್ಬಿದ ಈ ಹೋಟೆಲಿನ ಕೆಂಪು ಜಮಖಾನ ಚಪ್ಪಲಿಯನ್ನು ಪ್ರತಿ ಹೆಜ್ಜೆಗೂ ಚಪ್ಪರಿಸಿ ಬಿಡುತ್ತಿದೆ, ಅದರ ಮೇಲೆ ಪಾರಿವಾಳದ ಹಿಕ್ಕೆಯ ನಾತ, ಯಾವನೋ ಪಂಜರವನ್ನು ಲಿಫ್ಟಿನೊಳಗೇ ಮರೆತು ಹೋಗಿದ್ದಾನೆ, ಅದರ ಮೇಲೆ ತಲೆಗೆ ಬಳಿದುಕೊಂಡ ಬಣ್ಣದ ನಾತ, ಮುದುಕರೆಲ್ಲ ಕಾಗೆಗಿಂತ ಕಪ್ಪು ಕೂದಲು ಹೊತ್ತು ಓಡಾಡುವ ಈ ಸಂತೆಗೆ ಜಾದೂಗಾರರ ಸಮ್ಮೇಳನ ಅಂತ ಹೆಸರು — ಅವನು ಅಪ್ಪನ ಪೆಟ್ಟಿಗೆಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುವಷ್ಟರಲ್ಲಿ ಎದುರಾದ ಕೋಟಿನವನೊಬ್ಬ ಅವನ ಕಿವಿಗೆ ಕೈ ಹಾಕಿ ನಾಣ್ಯ ತೆಗೆದು, ಏನಪ್ಪಾ, ಕಿವಿ ತೊಳ್ಕೊಳೋದಿಲ್ವಾ ಅಂತ ಹಲ್ಲು ಬಿಟ್ಟ. ಬೆಳಗಿನಿಂದ ಇವನು ಎಷ್ಟನೆಯವನೋ, ಎಲ್ಲರದ್ದೂ ಅದೇ ನಾಣ್ಯ, ಅದೇ ಸಿಗರೇಟು ನಾರುವ ಬೆರಳು, ಅದೇ ಹಳಸಲು ಮಾತು, ಕಿವಿ ಉಜ್ಜಿ ಉಜ್ಜಿ ಕೆಂಪಾಗಿದೆ. ಕೋಣೆಗಳ ನಡುವಿನ ಓಣಿಯ ಉದ್ದಕ್ಕೂ ಅಂಗಡಿ ಹಾಕಿದ್ದಾರೆ, ಒಂದರ ಮೇಲೆ ಬುಟ್ಟಿ ತುಂಬ ಹೆಬ್ಬೆರಳು, ಪ್ಲಾಸ್ಟಿಕ್ಕಿನವು, ಚರ್ಮದ ಬಣ್ಣದವು, ಒಳಗೆ ಕರವಸ್ತ್ರ ಬಚ್ಚಿಡುವುದಕ್ಕೆ, ಜನ ಬದನೆಕಾಯಿ ಆರಿಸುವ ಹಾಗೆ ಹಿಸುಕಿ ಹಿಸುಕಿ ತಮ್ಮ ಮೈಬಣ್ಣಕ್ಕೆ ಹೊಂದುವುದನ್ನು ಹುಡುಕುತ್ತಿದ್ದಾರೆ, ನನ್ನದಕ್ಕಿಂತ ಇದು ಸ್ವಲ್ಪ ಬಿಳೀ ಅಲ್ವೇನ್ರೀ ಅನ್ನುತ್ತಾನೆ ಒಬ್ಬ. ಅಪ್ಪ ಮುಂದೆ ಮುಂದೆ ನಡೆಯುತ್ತಿದ್ದಾನೆ, ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತ, ಬಲಗೈ ಮಾತ್ರ ಕೋಟಿನ ಜೇಬಿನೊಳಗೆ, ಆ ಜೇಬು ಇಲಿ ಸಿಕ್ಕಿಕೊಂಡ ಚೀಲದ ಹಾಗೆ ಅಲುಗುತ್ತಿದೆ.

ನೋಡಬಾರದು ಅಂದುಕೊಂಡರೂ ಕಣ್ಣು ಆ ಕೈಗೇ ಹೋಗುತ್ತದೆ, ವರ್ಷದಿಂದ ಆ ಕೈಗೇ, ಊಟದ ತಟ್ಟೆಯ ಪಕ್ಕ, ಟೀವಿಯ ಮುಂದೆ, ಬಸ್ಸಿನ ಸೀಟಿನ ಮೇಲೆ, ಅಪ್ಪ ಮಾತ್ರ ಚಳಿ ಅಂದ, ಕಾಫಿ ಜಾಸ್ತಿಯಾಯ್ತು ಅಂದ, ವಯಸ್ಸು ಕಣೋ ಅಂದ, ಬೀದಿ ಕೊನೆಯ ಡಾಕ್ಟರು ಇದು ನರದ ವಿಷಯ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡಿದಷ್ಟೂ ಕಷ್ಟ ಅಂತ ಚೀಟಿ ಬರೆದುಕೊಟ್ಟರೆ ಆ ಚೀಟಿಯನ್ನೇ ಮುಷ್ಟಿಯಲ್ಲಿ ಮಾಯ ಮಾಡಿ ತೋರಿಸಿ ನಕ್ಕವನು. ಅಂಗಿಯ ಗುಂಡಿ ಈಗ ಅಮ್ಮನೇ ಹಾಕುವುದು. ಹಾಗೆ ಹಾಕುತ್ತ ಹಾಕುತ್ತಲೇ ಮೊನ್ನೆ ಅಡುಗೆಮನೆಯಲ್ಲಿ ಅವಳ ಕೈ ನಿಂತುಬಿಟ್ಟಿತು, ರೀ, ನನಗಾಗಿಯಾದ್ರೂ ಒಂದ್ಸಲ ಹೋಗಿ ಬನ್ನಿ ಅಂದಳು, ಅಪ್ಪ, ಆಯ್ತು ಕಣೇ, ಸಮ್ಮೇಳನದಲ್ಲಿ ನಮ್ಮ ಕಸುಬಿನವರ ಮುಂದೆ ಚೆಂಡಿನಾಟ ಆಡ್ತೀನಿ, ಹೊರಗಿನ ಜನಕ್ಕೆ ಏನು ಗೊತ್ತಾಗುತ್ತೆ, ನಮ್ಮವರ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ, ಅಲ್ಲಿ ಒಂದೇ ಒಂದು ಚೆಂಡು ಬಿದ್ರೂ ಪೆಟ್ಟಿಗೆ ಮುಚ್ಚಿ ನೀವು ಹೇಳಿದ ಆಸ್ಪತ್ರೆಗೆ ಬರ್ತೀನಿ, ಬೀಳ್ಲಿಲ್ಲ ಅಂದ್ರೆ ತಾಯಿ ಮಗ ಇಬ್ರೂ ಬಾಯಿ ಮುಚ್ಕೊಂಡಿರಿ, ಅಂದ. ಅಷ್ಟೇ ಕರಾರು. ಅಂದಿನಿಂದ ಅವನ ಎದೆಯೊಳಗೆ ಒಂದೇ ಮಾತು, ಬೀಳಲಿ, ಬೀಳಲಿ, ಥೂ, ಯಾವ ಮಗ ಬೇಡುತ್ತಾನೆ ಹೀಗೆ, ಓದು ಬಿಡಿಸಿ ಈ ಪೆಟ್ಟಿಗೆ ಹೊರಿಸಿದಾಗಲೂ ಅವನು ಅಪ್ಪನಿಗೆ ಕೆಟ್ಟದ್ದು ಬೇಡಿದವನಲ್ಲ, ಓದಿದವರೆಲ್ಲ ಕೊನೆಗೆ ನಮ್ಮ ಆಟಕ್ಕೆ ಚಪ್ಪಾಳೆ ಹೊಡೆಯೋರೇ ಕಣೋ ಅಂದಿದ್ದ ಅಪ್ಪ, ಅದನ್ನು ನಂಬಿದ್ದ ತನ್ನ ಮೇಲೂ ಅವನಿಗೆ ಈಗ ವಾಕರಿಕೆ.

ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊದಿಸಿದ್ದಾರೆ, ಹೊರಗೆ ಸಮುದ್ರ ಇದೆ ಅನ್ನುವುದಕ್ಕೆ ಗುರುತು ಕೊಳೆತ ಪಾಚಿಯ ವಾಸನೆ ಒಂದೇ, ಅವನು ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ಸುತ್ತಮುತ್ತ ಕಾಲ ಮೇಲೆ ಕಾಲು ಹಾಕಿಕೊಂಡ ಜಾದೂಗಾರರು, ಈ ಜನ ನೋಡುವ ರೀತಿಯೇ ಬೇರೆ, ಆಡುವವನು ಬಲಗೈ ಎತ್ತಿದರೆ ಇವರ ಕಣ್ಣು ಎಡಗೈಗೆ, ಕೆಮ್ಮಿದರೆ ಜೇಬಿಗೆ, ತೋರಿಸಿದ್ದನ್ನು ನೋಡುವುದು ಕಸುಬಿಗೇ ಅವಮಾನ ಇವರಿಗೆ. ಅಪ್ಪ ಬಂದ. ಜೇಬಿನಿಂದ ಬಲಗೈ ತೆಗೆದ, ಬೆರಳ ಸಂದಿಯಲ್ಲಿ ಒಂದು ಕೆಂಪು ಚೆಂಡು, ಒಂದು ಎರಡಾಯಿತು, ಎರಡು ಮೂರಾಯಿತು, ಎಳೆಯನಿದ್ದಾಗ ಅವನು ಇದನ್ನು ನೋಡಿ ಅಪ್ಪನ ಬೆರಳಿಗೆ ಹಣ್ಣು ಬಿಡುತ್ತದೆ ಅಂದುಕೊಂಡಿದ್ದ, ಬೀಳಲಿ, ಬೇಡ, ಬೀಳದಿರಲಿ, ಬೀಳಲಿ — ಬಿತ್ತು. ಟಕ್ ಅಂತ ಹಲಗೆಯ ಮೇಲೆ ಬಿದ್ದು ಪುಟಿದು, ಉರುಳಿ, ವೇದಿಕೆಯ ಅಂಚು ದಾಟಿ ಅವನ ಕಾಲ ಬುಡಕ್ಕೇ ಬಂತು, ಅದರ ಹಿಂದೆಯೇ ಉಳಿದವನ್ನು ಅಪ್ಪ ಅವಸರದಲ್ಲಿ ಜೇಬಿಗೆ ಜಾರಿಸಿದ, ಖಾಲಿಯಾದ ಬಲಗೈ ಗಾಳಿಯಲ್ಲಿ ಹಾಗೇ ನಿಂತಿತು, ಹೆಬ್ಬೆರಳು ತೋರುಬೆರಳಿನ ಮೇಲೆ, ಮೆಲ್ಲಗೆ, ಉರುಳಿಸುತ್ತ, ನಡುವೆ ಏನೂ ಇಲ್ಲ. ಮುಗಿಯಿತು, ಅಂದುಕೊಂಡ ಅವನು, ಕಣ್ಣು ತುಂಬಿ ಬಂತು, ನಾಳೆ ಆಸ್ಪತ್ರೆ. ಆದರೆ ಒಂದೇ ಒಂದು ತಲೆ ಕೆಳಗೆ ಬಗ್ಗಲಿಲ್ಲ. ಬಿದ್ದ ಸದ್ದಿಗೆ ಇಡೀ ಸಭೆ ಅಪ್ಪನ ಎಡಗೈಯನ್ನು ನೋಡಿತು, ಸೊಂಟಕ್ಕೆ ಒತ್ತಿ ಮುಷ್ಟಿ ಕಟ್ಟಿದ್ದ ಎಡಗೈ, ಬೀಳಿಸಿದ್ದರೆ ಏನನ್ನೋ ಮುಚ್ಚುವುದಕ್ಕೇ ಬೀಳಿಸಿರಬೇಕಲ್ಲ, ಅಲ್ಲಿ ಏನೂ ಸಿಗದೆ ಎಲ್ಲರೂ ಒಟ್ಟಿಗೆ ಬಲಗೈಗೆ ತಿರುಗಿದರು. ಮೊದಲು ಎದ್ದವನು ರುಮಾಲು ಮಾವ, ಅಪ್ಪನ ಜೊತೆ ಒಂದೇ ಲಾರಿಯಲ್ಲಿ ಮಲಗಿ ಊರೂರು ಆಡಿದವನು, ಈ ವರ್ಷದ ಸಂಘದ ಅಧ್ಯಕ್ಷ, ಇವನಿಗಾದರೂ ತಿಳಿಯಬೇಕಿತ್ತು, ನೋಡ್ರೋ, ಅಂದ ರುಮಾಲು ಮಾವ, ಚೆಂಡು ಬಿಸಾಕಿ ನಮ್ಮನ್ನೆಲ್ಲ ಎಡಗೈಗೆ ಓಡಿಸ್ದ, ಇಲ್ಲಿ ಇಲ್ಲದ ಚೆಂಡನ್ನ ಇನ್ನೂ ಉರುಳಿಸ್ತಿದ್ದಾನೆ, ನನಗಂತೂ ಚೆಂಡು ಕಾಣ್ತಾ ಇದೆ ಕಣ್ರೋ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ, ಎದ್ದು ನಿಂತು ಚಪ್ಪಾಳೆ ಹೊಡೆದರು.

ಅಪ್ಪನ ಮುಖ ಅವನು ನೋಡಿದ, ಮೊದಲು ತಿಳಿಯಲಿಲ್ಲ ಅದಕ್ಕೆ, ಆಮೇಲೆ ತಿಳಿಯಿತು, ಆಮೇಲೆ ಆ ಹಳೆಯ ನಗು ಬಂತು, ಲಾರಿಯ ಕಾಲದ ನಗು, ಬೆರಳಿಗೆ ಹೇಗೆ ತಾಲೀಮು ಕೊಟ್ರಿ ಗುರುಗಳೇ ಅಂತ ಯಾವನೋ ಕೇಳಿದ, ಅಪ್ಪ ತಲೆ ಬಾಗಿಸಿ, ಅಭ್ಯಾಸ ಅಪ್ಪಾ, ಎಲ್ಲ ಅಭ್ಯಾಸ ಅಂದ. ಅಷ್ಟು ಕೇಳಿದ ಮೇಲೆ ಅವನಿಗೆ ಕೂರಲಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರೋ ಅಂತ ಕೂಗಬೇಕು ಅಂದುಕೊಂಡದ್ದು, ಬಾಯಿಂದ ಬಂದದ್ದು ಬೇರೆ, ಅದು ಆಟ ಅಲ್ಲ, ಅದು ಕಾಯಿಲೆ, ಅಪ್ಪಂಗೆ ನರದ ಕಾಯಿಲೆ ಇದೆ, ಚೆಂಡು ನಿಜವಾಗ್ಲೂ ಬಿತ್ತು, ಇಲ್ಲಿದೆ ನೋಡಿ, ಅಂತ ಕಾಲ ಬುಡದ ಚೆಂಡನ್ನು ಎತ್ತಿ ಹಿಡಿದ. ಇಡೀ ಸಭೆ ಚಾವಣಿ ಹಾರಿಹೋಗುವ ಹಾಗೆ ನಕ್ಕಿತು, ಜನರ ನಡುವೆ ತನ್ನವನನ್ನೇ ಕೂರಿಸಿ ಕೂಗಿಸುವುದು ಇವರ ಕಸುಬಿನಲ್ಲಿ ಹಳೆಯ ಉಪಾಯ, ಚೆಂಡು ಬೇರೆ ಅವನ ಕೈಯಲ್ಲೇ ಇದೆ, ಇನ್ನೇನು ಸಾಕ್ಷಿ ಬೇಕು, ಹುಡುಗ ಅಳೋದು ನೋಡ್ರೀ, ಎಂಥಾ ತರಬೇತಿ, ಅಂತ ಹಿಂದಿನಿಂದ ಒಂದು ದನಿ, ಅಪ್ಪ ವೇದಿಕೆಯ ಮೇಲಿಂದ ಮೆತ್ತಗೆ, ಕೂತ್ಕೊ ಮಗಾ, ನಿನ್ನ ಪಾತ್ರ ಮುಗೀತು ಅಂದ, ಅದಕ್ಕೆ ಇನ್ನೊಂದು ಸುತ್ತು ಚಪ್ಪಾಳೆ. ನಿಜವನ್ನೂ ಇವರು ಸಾಮಾನು ಮಾಡಿ ಪೆಟ್ಟಿಗೆಗೆ ಹಾಕಿಕೊಳ್ಳುತ್ತಾರೆ. ಓಣಿಯಲ್ಲಿ, ಯಾರೋ ಲಿಫ್ಟಿನಿಂದ ತೆಗೆದು ಹೊರಗಿಟ್ಟ ಪಾರಿವಾಳದ ಪಂಜರದ ಪಕ್ಕ ನಿಂತು ಅವನು, ಅಪ್ಪಾ, ಮಾತು ಕೊಟ್ಟಿದ್ದೆ ನೀನು, ಚೆಂಡು ಬಿತ್ತು, ಅಂದ, ಬಿತ್ತು ಅಂತ ಯಾರಂದ್ರು, ನೀನೊಬ್ನೇ, ನಾಳೆ ಬೆಳಿಗ್ಗೆ ಇದನ್ನೇ ಪಾಠ ಮಾಡ್ಬೇಕಂತೆ, ಆಮೇಲೆ ಬೇರೆ ಸಂಘದೋರೂ ಕರೀತಾರಂತೆ, ಅಂತ ಅಪ್ಪ ಪಂಜರದೊಳಗೆ ನೋಡಿದ, ಅವನ ಮುಖ ನೋಡಲಿಲ್ಲ. ಅಷ್ಟರಲ್ಲಿ ಅಮ್ಮನ ಫೋನು, ಏನಾಯ್ತೋ, ಬಿತ್ತಮ್ಮಾ, ಆದ್ರೆ ಬೀಳ್ಲಿಲ್ಲ, ಕುಡಿದಿದ್ಯೇನೋ, ಇಲ್ಲಮ್ಮಾ, ಹಂಗಾದ್ರೆ ನೆಟ್ಟಗೆ ಹೇಳು, ನೆಟ್ಟಗೆ ಹೇಳಿದೆ ಅಮ್ಮಾ, ಎಲ್ರೂ ನಕ್ರು.

ಊಟದ ಹಾಲಿನಲ್ಲಿ ಸೂಪು ಆರುತ್ತಿದೆ, ಮೇಲೆ ಎಣ್ಣೆಯ ಕಣ್ಣುಗಳು, ಯಾರೂ ಕುಡಿಯುತ್ತಿಲ್ಲ, ಚಮಚ ಕೆಳಗಿಟ್ಟಿದ್ದಾರೆ, ಮೇಜು ಮೇಜಿನಲ್ಲೂ ಬಲಗೈಗಳು, ಉಂಗುರದ ಕೈ, ಕೂದಲಿನ ಕೈ, ಗುಂಡು ಕೈ, ಎಲ್ಲ ಗಟ್ಟಿಮುಟ್ಟಾದ ಕೈ, ಎಲ್ಲದರಲ್ಲೂ ಹೆಬ್ಬೆರಳು ತೋರುಬೆರಳಿನ ಮೇಲೆ, ಉರುಳಿಸುತ್ತ, ನಡುವೆ ಏನೂ ಇಲ್ಲ, ಒಬ್ಬ ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ಪಕ್ಕದವನಿಗೆ, ನಿಂದು ಬೇಗ ಆಯ್ತು ಕಣೋ, ಗುರುಗಳದ್ದು ನಿಧಾನ ಅನ್ನುತ್ತಿದ್ದಾನೆ, ಅಮ್ಮ ರಾತ್ರಿಯೆಲ್ಲ ಎದ್ದು ಕೂತು ನೋಡಿದ್ದನ್ನು ಇವರು ಸೂಪಿನ ಮುಂದೆ ಕಲಿಯುತ್ತಿದ್ದಾರೆ. ರುಮಾಲು ಮಾವ ತನ್ನ ಕೈಯನ್ನು ಅಪ್ಪನ ಮುಂದೆ ಚಾಚಿ, ಹಿಂಗೇನೋ, ಅಂತ ಕೇಳಿದ, ಅಪ್ಪ ಅದನ್ನು ಹಿಡಿದು ನೋಡಿ, ಇಷ್ಟು ಬಿಗಿ ಬೇಡ ಮಾರಾಯ, ನೀನು ಮಾಡಬಾರದು, ತಾನಾಗೇ ಆಗಬೇಕು, ಅಂದ, ಹೇಳುವಾಗ ದನಿ ಒಂದಿಷ್ಟೂ ಅಲುಗಲಿಲ್ಲ, ಓಹೋ ಅಂತ ತಲೆದೂಗಿದರು ಸುತ್ತಲಿನವರು, ಒಬ್ಬನ ಮೊಣಕೈ ತಗುಲಿ ಫೋರ್ಕು ಕೆಳಗೆ ಬಿತ್ತು, ಅದನ್ನು ಎತ್ತಲು ಅಪ್ಪನ ಪಕ್ಕ ಕೂತಿದ್ದ ಅವನು ಬಗ್ಗಿದ್ದು, ಅಷ್ಟಕ್ಕೇ ಬಗ್ಗಿದ್ದು, ಮೇಜಿನ ಕೆಳಗೆ ಪಾಲಿಶ್ ಹಚ್ಚಿದ ಶೂಗಳ ಕಾಡು, ನೆಲದ ಮೇಲೆ ಬ್ರೆಡ್ಡಿನ ಚೂರು, ಯಾರದೋ ಉದುರಿದ ಇಸ್ಪೀಟಿನ ಎಲೆ, ಅಪ್ಪನ ಮೊಣಕಾಲುಗಳು ಒಂದಕ್ಕೊಂದು ಅಂಟಿಕೊಂಡಿವೆ, ಅವುಗಳ ನಡುವೆ ಎಡಗೈ, ಇಕ್ಕಳದಲ್ಲಿ ಸಿಕ್ಕಿಸಿದ ಹಾಗೆ, ಅಷ್ಟು ಒತ್ತಿ ಹಿಡಿದರೂ — ಎಡಗೈ. ಬಲಗೈ ಮೇಲಿದೆ, ಪಾಠ ಹೇಳುತ್ತಿದೆ, ಇದು ಎಡಗೈ, ಅವನು ಕಂಡ ಹಾಗೆ ಇದುವರೆಗೂ ಅಲುಗದ ಕೈ. ಮೇಲೆ ಯಾರೋ ನಗುತ್ತಿದ್ದಾರೆ. ಬಲಗೈ ಕೆಳಗೆ ಬಂತು, ಕರವಸ್ತ್ರವನ್ನು ಅದರ ಮೇಲೆ ಹೊದಿಸಿತು, ಪಾರಿವಾಳಕ್ಕೆ ಹೊದಿಸುವ ಹಾಗೆ, ಅಪ್ಪನ ಬಾಯಿ ಅವನ ಕಿವಿಯ ಹತ್ತಿರ, ನಾಳೆ ಒಂದು ದಿನ ಮಗಾ, ಒಂದೇ ದಿನ, ಆಮೇಲೆ ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ, ಅವನು ಬಗ್ಗಿಯೇ ಇದ್ದಾನೆ, ಫೋರ್ಕು ಕೈಯಲ್ಲಿದೆ, ಕರವಸ್ತ್ರದ ಕೆಳಗೆ ಹೆಬ್ಬೆರಳು ತೋರುಬೆರಳಿನ ಮೇಲೆ, ಮೆಲ್ಲಗೆ, ಬಟ್ಟೆ ಅಲುಗುತ್ತಿದೆ, ಮೆಲ್ಲಗೆ, ಅಲುಗುತ್ತಿದೆ