ನಲವತ್ತೆರಡು ಖಣದ ಚೀಲಗಳು

ಜೆ.ಪಿ. ನಗರದ ಆ ಔಷಧ ವಿತರಣೆಯ ಕಂಪನಿಯಲ್ಲಿ ದೀಪಾವಳಿಗೆ ಸಿಬ್ಬಂದಿಗೆ ಏನು ಕೊಡಬೇಕೆನ್ನುವುದನ್ನು ಪ್ರತಿವರ್ಷ ಒಂದು ಬಣ್ಣದ ಕ್ಯಾಟಲಾಗೇ ತೀರ್ಮಾನಿಸುತ್ತಿತ್ತು. ಮ್ಯಾನೇಜರ್ ಸೇತುರಾಮ್ ಪುಟ ತಿರುಗಿಸಿ ಯಾವುದೋ ಒಂದರ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದರು, ವಾರದೊಳಗೆ ಹೊರದೇಶದ ಸಾಮಾನು ಪೆಟ್ಟಿಗೆಗಟ್ಟಲೆ ಬಂದಿಳಿಯುತ್ತಿತ್ತು. ಹಿಂದಿನ ವರ್ಷ ಬಂದ ಗೋಡೆ ಗಡಿಯಾರಗಳಲ್ಲಿ ಅರ್ಧ, ಯುಗಾದಿಯ ಹೊತ್ತಿಗೆ ನಿಂತುಹೋಗಿದ್ದವು.

2005ರ ಸೆಪ್ಟೆಂಬರಿನ ಮೀಟಿಂಗಿನಲ್ಲಿ ಮತ್ತೆ ಕ್ಯಾಟಲಾಗು ಹೊರಬಂದಾಗ ವಿಜಯಲಕ್ಷ್ಮಿಗೆ ಸುಮ್ಮನಿರಲಾಗಲಿಲ್ಲ. ಅವಳು ಆಡಳಿತ ವಿಭಾಗದವಳು, ಗುಳೇದಗುಡ್ಡದವಳು. ಕೆಲಸ ಸಿಕ್ಕಿ ನಾಲ್ಕು ವರ್ಷದಿಂದ ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು.

"ಈ ಸಲ ಇಲ್ಲೇ ತಯಾರಾಗಿರೋದನ್ನ ಕೊಡೋಣ ಸಾರ್," ಎಂದಳು. "ನಮ್ಮೂರಲ್ಲಿ ಖಣ ನೇಯ್ತಾರೆ, ಕುಪ್ಪಸದ ಬಟ್ಟೆ. ಅದರಲ್ಲಿ ಕೈಚೀಲ ಹೊಲಿಸಿದ್ರೆ ಚೆನ್ನಾಗಿರುತ್ತೆ. ಹೊಲಿಯೋರು ನಂಗೆ ಗೊತ್ತು."

ಸೇತುರಾಮ್ ಕನ್ನಡಕದ ಮೇಲಿಂದ ನೋಡಿದರು. "ಟೈಮಿಗೆ ಕೊಡ್ತಾರೇನಮ್ಮಾ? ಇವ್ರೆಲ್ಲ ಇವತ್ತು ನಾಳೆ ಅಂತ ಓಡಾಡಿಸ್ತಾರೆ."

"ನಾನ್ ಜವಾಬ್ದಾರಿ ಸಾರ್."

ಹೊಲಿಯುವವಳು ಪಾರವ್ವ. ಅದೇ ಬಡಾವಣೆಯ ತಗ್ಗಿನ ಬೀದಿಯಲ್ಲಿ, ದೊಡ್ಡ ಮೋರಿಯ ಪಕ್ಕದ ಒಂದೇ ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಬಾದಾಮಿ ಕಡೆಯ ಹೆಂಗಸು. ಪರಿಚಯವಾಗಿ ಆರು ತಿಂಗಳಾಗಿತ್ತು. ವಿಜಯಲಕ್ಷ್ಮಿಯ ರವಿಕೆಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು, ಒಂದರಲ್ಲೂ ಎಳ್ಳಷ್ಟೂ ಹೆಚ್ಚುಕಡಿಮೆಯಾಗಿರಲಿಲ್ಲ. ಗುಳೇದಗುಡ್ಡದಲ್ಲಿದ್ದ ವಿಜಯಲಕ್ಷ್ಮಿಯ ಸೋದರಮಾವನ ಮಗ್ಗದಿಂದ ನಲವತ್ತೆರಡು ಚೀಲಕ್ಕಾಗುವಷ್ಟು ಖಣ ಬಂತು. ನೇರಳೆ, ಗಿಣಿಹಸಿರು, ಕುಂಕುಮಗೆಂಪು. ಪಾರವ್ವ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ನಮ್ಮ ಕಡೀದು ಬಂತಲ್ಲ ತಂಗಿ. ಹಬ್ಬಕ್ಕ ನಾಕು ದಿನ ಮೊದಲ ಕೊಡ್ತೀನಿ," ಎಂದಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಮಳೆ ಹಿಡಿಯಿತು. ಭಾನುವಾರ ರಾತ್ರಿಯಿಡೀ ಸುರಿದು, ಸೋಮವಾರ ಬೆಳಗಾಗುವಾಗ ಬಡಾವಣೆಯ ತಗ್ಗೆಲ್ಲ ಕೆರೆಯಾಗಿತ್ತು. ವಿಜಯಲಕ್ಷ್ಮಿ ಮಂಗಳವಾರ ಸಂಜೆ ಕೆಸರು ತುಳಿದುಕೊಂಡು ಪಾರವ್ವನ ಮನೆಗೆ ಹೋದಳು. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಯಂತ್ರವಿಲ್ಲ, ಬಟ್ಟೆಯ ಗಂಟಿಲ್ಲ, ಗೋಡೆಯ ಮೇಲೆ ಮಾತ್ರ ಮೊಳಕಾಲೆತ್ತರಕ್ಕೆ ನೀರು ನಿಂತು ಇಳಿದ ಗುರುತು.

ಎದುರು ಮನೆಯಾಕೆ ಮೆಟ್ಟಿಲು ತೊಳೆಯುತ್ತಲೇ ಹೇಳಿದಳು. "ನಿನ್ನೆನೇ ಟೆಂಪೋ ತರಿಸಿ ಎಲ್ಲಾ ತುಂಬ್ಕೊಂಡ್ ಹೋದ್ಲು. ಎಲ್ಲಿಗೆ ಅಂತ ಒಂದ್ ಮಾತೂ ಹೇಳ್ಲಿಲ್ಲ."

ಪಾರವ್ವನ ಹತ್ತಿರ ಫೋನಿರಲಿಲ್ಲ. ಏನೇ ಇದ್ದರೂ ಬೀದಿಯ ಮೂಲೆಯ ಬೈರಣ್ಣನ ದಿನಸಿ ಅಂಗಡಿಗೆ ಫೋನ್ ಮಾಡಬೇಕು. ಅಂಗಡಿಯ ಷಟರು ಮುಚ್ಚಿತ್ತು. ನಂಬರು ಒತ್ತಿದರೆ ಸದ್ದೇ ಇಲ್ಲ.

ಮರುದಿನ ಸೇತುರಾಮ್ ಕೇಳಿದರು. "ಏನಮ್ಮಾ, ನಿಮ್ ಚೀಲ?"

"ರೆಡಿಯಾಗಿದೆ ಸಾರ್," ಎಂದುಬಿಟ್ಟಳು.

ಹೇಳಿದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ಹಂಚುವುದೆಂದು ನೋಟಿಸು ಹಾಕಿಯಾಗಿತ್ತು. ಮಾವನಿಗೆ ಏನೆಂದು ಹೇಳುವುದು? ನಮ್ಮ ಕಡೆಯವಳು ಎಂದು ಕಣ್ಣುಮುಚ್ಚಿ ನಂಬಿದ್ದೇ ತಪ್ಪಾಯಿತೇನೋ. ಅಷ್ಟು ಒಳ್ಳೆಯ ಬಟ್ಟೆ, ಯಾವ ಅಂಗಡಿಯವನೂ ಕೊಳ್ಳುತ್ತಾನೆ. ಹೀಗೆಲ್ಲ ಯೋಚಿಸುತ್ತ, ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟಾಗುತ್ತ, ಊಟದ ಡಬ್ಬಿಯನ್ನು ತೆರೆಯದೆ ವಾಪಸು ತಂದಳು.

ಗುರುವಾರ ಬೆಳಿಗ್ಗೆ ರಜೆ ಹೇಳಿ ಮತ್ತೆ ಆ ಬೀದಿಗೆ ಹೋದಳು. ಬೈರಣ್ಣ ಅಂಗಡಿ ತೆಗೆದಿದ್ದ. ನೆನೆದ ಬೇಳೆ ಮೂಟೆಗಳನ್ನು ರಸ್ತೆಗೆ ಎಳೆದುಹಾಕುತ್ತಿದ್ದವನು ಅವಳನ್ನು ಕಂಡಕೂಡಲೇ ಹಣೆ ಚಚ್ಚಿಕೊಂಡ.

"ಅಯ್ಯೋ ಮೇಡಂ, ನಿಮಗೆ ಹೇಳು ಅಂತ ಆಯಮ್ಮ ನಿಮ್ ನಂಬರ್ ಬರೆದ ಚೀಟಿ ಕೊಟ್ಟು ಹೋಗಿದ್ರು. ಗಲ್ಲಾಪೆಟ್ಟಿಗೆ ಮೇಲೆ ಇಟ್ಟಿದ್ದೆ. ಚೀಟೀನೂ ನೀರಾಯ್ತು, ಫೋನೂ ಸತ್ತೋಯ್ತು."

"ಎಲ್ಲಿಗೆ ಹೋದ್ರು ಅಣ್ಣ?"

"ಬೇಗೂರಿಗೆ, ನಮ್ಮಕ್ಕನ ಮನೆಗೆ. ನಾನೇ ಕಳಿಸಿದ್ದು. ದೇವಸ್ಥಾನದ ಹಿಂದಿನ ಬೀದಿಲಿ ಗೌರಮ್ಮ ಅಂದ್ರೆ ಯಾರಾದ್ರೂ ತೋರಿಸ್ತಾರೆ."

ಆಟೋದವನು ಬೊಮ್ಮನಹಳ್ಳಿಯಲ್ಲೇ ನಿಲ್ಲಿಸಿದ. "ಮುಂದೆ ನೀರಿದೆ ಮೇಡಂ, ಎಂಜಿನ್ ಕೆಟ್ರೆ ನನ್ ಹಬ್ಬ ಮುಗೀತು." ಅಲ್ಲಿಂದ ಬಸ್ಸು ಹಿಡಿದು, ಬೇಗೂರಿನಲ್ಲಿ ಇಳಿದು, ಇಬ್ಬರನ್ನು ಕೇಳಿ ಆ ಬೀದಿಗೆ ತಿರುಗಿದಳು. ಮೂರನೇ ಮನೆಯ ಮುಂದೆ ಬರುವಷ್ಟರಲ್ಲೇ ಹೊಲಿಗೆ ಯಂತ್ರದ ಟಕಟಕ ಕೇಳಿಸಿತು. ವಿಜಯಲಕ್ಷ್ಮಿ ಗೇಟು ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತಳು.

ಜಗಲಿಯ ಮೇಲೆ ಪಾರವ್ವ ಯಂತ್ರ ತುಳಿಯುತ್ತಿದ್ದಳು. ಅವಳ ಪಕ್ಕದಲ್ಲಿ ಎತ್ತರದ ನಿಲುವಿನ ಹೆಂಗಸೊಬ್ಬಳು, ಗೌರಮ್ಮ, ಕಾಲು ಚಾಚಿ ಕೂತು ಚೀಲದ ಹಿಡಿಗಳಿಂದ ಉಳಿದ ದಾರ ಕತ್ತರಿಸುತ್ತಿದ್ದಳು. ಒಳಗೆ ರಾಗಿ ಮೂಟೆಗಳ ಮೇಲೆ ಚಾಪೆ ಹಾಸಿ, ಅದರ ಮೇಲೆ ಚೀಲಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು.

"ಬಾ ತಂಗಿ," ಎಂದಳು ಪಾರವ್ವ, ಕಾಲು ನಿಲ್ಲಿಸದೆ. "ಇನ್ನ ಐದು ಉಳದಾವ. ಸಂಜಿಗೆ ಮುಗೀತಾವ."

ವಿಜಯಲಕ್ಷ್ಮಿ ಮೆಟ್ಟಿಲ ಮೇಲೆ ಕೂತಳು. "ಬಟ್ಟೆ ನೆನೀಲಿಲ್ಲೇನ ಅಕ್ಕಾ?"

"ನೀರು ಬಾಗಲ ದಾಟೂಮುಂದ ಮೊದಲ ಗಂಟು ಎತ್ತಿ ಅಟ್ಟದ ಮ್ಯಾಲೆ ಒಗದೆ. ಆಮ್ಯಾಲೆ ಮಿಷನ್. ಅಕ್ಕಿ ಡಬ್ಬಿ ನೆಪ್ಪಾಗೂದ್ರಾಗ ತೇಲಾಕತ್ತಿತ್ತು." ಪಾರವ್ವ ದಾರ ಕಡಿದು ತಲೆಯೆತ್ತಿದಳು. ವಿಜಯಲಕ್ಷ್ಮಿಯ ಮುಖವನ್ನೇ ದಿಟ್ಟಿಸಿದಳು. "ಬೈರಣ್ಣ ಫೋನ್ ಮಾಡಲಿಲ್ಲೇನ?"

"ಇಲ್ಲ."

"ಮತ್ತ ನಾ ಅರಿವಿ ಗಂಟು ತಗೊಂಡು ಓಡಿಹೋದೆ ಅಂತ ತಿಳಕೊಂಡಿಯೇನ?"

ಇಲ್ಲ ಅನ್ನಬಹುದಿತ್ತು. ಆದರೆ ಆಫೀಸಿನಲ್ಲಿ ಹೇಳಿದ ಒಂದು ಸುಳ್ಳೇ ಸಾಕಾಗಿತ್ತು. "ಒಂದಿಷ್ಟು ತಿಳಕೊಂಡಿದ್ದೆ ಅಕ್ಕಾ. ನಿನ್ನೆ."

 ಪಾರವ್ವ ಹಲ್ಲಿನ ನಡುವೆ ಸಿಕ್ಕಿದ ದಾರ ತೆಗೆದು, "ನಾ ಇದ್ರೂ ಹಂಗ ತಿಳೀತಿದ್ದೆ ಬಿಡು. ಬೀಗ ನೋಡಿದ್ರ ಯಾರಿಗ್ಯಾದ್ರೂ ಹಂಗ ಅನಸ್ತೈತಿ," ಎಂದು ನಕ್ಕಳು. ನಗು ನಿಜವಾದದ್ದು ಎಂದು ಕಂಡಾಗ ವಿಜಯಲಕ್ಷ್ಮಿಯ ಕಣ್ಣು ತುಂಬಿತು. ಅವಳು ಸೆರಗಿನಿಂದ ಒರೆಸಿಕೊಂಡು ಕತ್ತರಿಗೆ ಕೈಚಾಚಿದಳು.

"ಕತ್ತರಿ ಆಮೇಲೆ," ಎಂದಳು ಗೌರಮ್ಮ. "ಮುಖ ನೋಡಿದ್ರೆ ನಿನ್ನೆಯಿಂದ ಉಂಡಂಗಿಲ್ಲ. ಏಳಮ್ಮಾ, ಮುದ್ದೆ ಇದೆ, ಬಿಸಿ ಸಾರಿದೆ."

ರೊಟ್ಟಿ ಉಂಡು ಬೆಳೆದವಳಿಗೆ ಮುದ್ದೆ ಅಭ್ಯಾಸವಿರಲಿಲ್ಲ. ಅಗಿಯತೊಡಗಿದಳು.

"ಅಗೀಬಾರ್ದು ಕಣಮ್ಮಾ, ನುಂಗ್ಬೇಕು," ಎಂದು ಗೌರಮ್ಮ ತುತ್ತು ಮಾಡಿ ತೋರಿಸಿದಳು. ಜಗಲಿಯಿಂದ ಪಾರವ್ವ, "ನನಗೂ ಎರಡು ದಿನ ಹಿಡೀತು," ಎಂದಳು. ವಿಜಯಲಕ್ಷ್ಮಿ ನುಂಗಿದಳು. ಇನ್ನರ್ಧ ಮುದ್ದೆ ಹಾಕಿಸಿಕೊಂಡಳು.

ಶುಕ್ರವಾರ ಮಧ್ಯಾಹ್ನ ಚೀಲಗಳು ಮೇಜಿನ ಮೇಲೆ ಬಂದಾಗ ಆಫೀಸಿನವರು ಬಣ್ಣ ಆರಿಸಿಕೊಳ್ಳಲು ಮುಗಿಬಿದ್ದರು. ಗಿಣಿಹಸಿರಿನ ಒಂದು ಚೀಲಕ್ಕೆ ಇಬ್ಬರು ಗುಮಾಸ್ತರು ಚೀಟಿ ಎತ್ತಬೇಕಾಯಿತು. ಸೇತುರಾಮ್ ತಮ್ಮ ಪಾಲಿನದರ ಒಳಗೆ ಕೈಹಾಕಿ, ಅಸ್ತರ ಎಳೆದು, ಹೊಲಿಗೆ ಪರೀಕ್ಷಿಸಿದರು.

"ಮಳೇಲೂ ಟೈಮಿಗೆ ಕೊಟ್ರಲ್ಲ," ಎಂದರು.

ವಿಜಯಲಕ್ಷ್ಮಿ ನಡೆದದ್ದನ್ನೆಲ್ಲ ಹೇಳಿದಳು. ಬುಧವಾರ ರೆಡಿ ಎಂದದ್ದು ಸುಳ್ಳೆಂಬುದನ್ನೂ ಹೇಳಿದಳು. ಅವರು ಬೈಯುತ್ತಾರೆಂದು ಕಾದಳು. ಅವರು ಚೀಲವನ್ನು ಮಡಿಸದೆ ಹೆಗಲಿಗೇ ನೇತುಹಾಕಿಕೊಂಡು, "ಆಯಮ್ಮನ ಮನೆ ಈಗ ವಾಸಕ್ಕಾಗೋ ಹಾಗಿದೆಯೇನಮ್ಮಾ?" ಎಂದು ಕೇಳಿದರು.

"ಗೋಡೆ ಇನ್ನೂ ಒಣಗಿಲ್ಲ ಸಾರ್. ಹಬ್ಬ ಮುಗಿಯೋವರೆಗೂ ಬೇಗೂರಲ್ಲೇ ಇರು ಅಂತ ಗೌರಮ್ಮ ಹೇಳಿದ್ದಾರೆ."

"ಹಾಗಾದ್ರೆ ಸರಿ," ಎಂದು ಸೇತುರಾಮ್ ತಮ್ಮ ಕೋಣೆಗೆ ಹೋದರು. ವಿಜಯಲಕ್ಷ್ಮಿ ಕುರ್ಚಿಗೆ ಒರಗಿ ಕೂತು, ಊಟದ ಡಬ್ಬಿಯ ಮುಚ್ಚಳ ತೆಗೆದಳು.