ಮೂರು ಎಂದಾದ ಮೇಲೆ

ನಿರೀಕ್ಷೆ ಇಟ್ಟುಕೊಳ್ಳಬಾರದು ಎಂದು ಲಕ್ಷ್ಮೀನರಸಿಂಹ ಆ ವಾರವಿಡೀ ಎಲ್ಲರಿಗೂ ಹೇಳುತ್ತಿದ್ದರು. ಹೇಳುವುದಕ್ಕೆಂದೇ ಫೋನು ಮಾಡುತ್ತಿದ್ದರು. "ಏನಿಲ್ಲ ಸರ್, ನಮ್ಮ ಬೃಂದಾ ಈ ಶನಿವಾರ ಕ್ವಾರ್ಟರ್‌ಬ್ಯಾಕ್ ಆಡ್ತಿದಾಳೆ. ಮೊದಲನೇ ಸಲ. ನೀವು ದೊಡ್ಡದಾಗಿ ಏನೂ ನಿರೀಕ್ಷೆ ಇಟ್ಕೋಬೇಡಿ." ಆ ಕಡೆಯವರು ಅಲ್ಲಿಯವರೆಗೆ ಯಾವ ನಿರೀಕ್ಷೆಯನ್ನೂ ಇಟ್ಟುಕೊಂಡವರಲ್ಲ. ಫೋನು ಇಡುವ ಹೊತ್ತಿಗೆ ಒಂದಿಷ್ಟು ಇಟ್ಟುಕೊಂಡಿರುತ್ತಿದ್ದರು. ಕುವೈತ್‌ನ ತೈಲ ಕಂಪನಿಯೊಂದರಲ್ಲಿ ಪ್ಲಾನಿಂಗ್ ಎಂಜಿನಿಯರ್ ಆಗಿದ್ದ ಅವರು, ಕೆಲಸ ಹಿಂದೆ ಬೀಳಬಹುದು ಎಂದು ಮೊದಲೇ ಹೇಳಿಟ್ಟರೆ ಆಮೇಲೆ ಯಾರೂ ಬೈಯುವುದಿಲ್ಲ ಎಂಬುದನ್ನು ಆಫೀಸಿನಲ್ಲಿ ಕಲಿತಿದ್ದರು. ಮನೆಯ ವಿಷಯದಲ್ಲಿ ಆ ಪಾಠ ಉಲ್ಟಾ ಹೊಡೆಯುತ್ತದೆ ಎಂಬುದನ್ನು ಇನ್ನೂ ಕಲಿತಿರಲಿಲ್ಲ.

ಕ್ವಾರ್ಟರ್‌ಬ್ಯಾಕ್ ಎಂದರೇನು ಎಂದು ಕೇಳುವ ಧೈರ್ಯ ಮಾಡಿದ್ದು ವೈಲೆಟ್ ಒಬ್ಬರೇ. ಉಡುಪಿ ಕಡೆಯ ಈ ನರ್ಸಮ್ಮ ಅಬು ಹಲೀಫಾದಲ್ಲಿದ್ದರು. ಕನ್ನಡ ಸಂಘದ ಮಹಿಳಾ ಥ್ರೋಬಾಲ್ ತಂಡದಲ್ಲಿ ಸರ್ವಿಸ್ ಅವರದೇ, ಸಂಘದ ಗಂಟಲೂ ಅವರದೇ.

"ಫುಟ್‌ಬಾಲ್ ಅಂತೀರಿ, ಕೈಯಲ್ಲಿ ಬಿಸಾಡುದು ಅಂತೀರಿ. ನಂಗೆ ಅರ್ಥ ಆಗ್ಲಿಲ್ಲ ಅಣ್ಣ."

"ಅಮೆರಿಕದವರ ಫುಟ್‌ಬಾಲ್ ಅದು ವೈಲೆಟ್. ಇವರದ್ದು ಅದರಲ್ಲೂ ಸೌಮ್ಯ ನಮೂನೆ, ಡಿಕ್ಕಿ ಹೊಡೆಯೋ ಹಾಗಿಲ್ಲ. ಸೊಂಟಕ್ಕೆ ಎರಡು ಪಟ್ಟಿ ಕಟ್ಕೊಂಡಿರ್ತಾರೆ. ಬಾಲ್ ಇರೋರ ಪಟ್ಟಿ ಕಿತ್ತರೆ ಆಟ ಅಲ್ಲಿಗೆ ನಿಂತ ಹಾಗೆ. ಐದೈದು ಜನ. ಬಾಲ್ ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರತ್ತೆ, ಅವಳು ಓಡೋ ಹುಡುಗೀರಲ್ಲಿ ಒಬ್ಬಳಿಗೆ ಎಸೀಬೇಕು. ಯಾರಿಗೆ, ಯಾವಾಗ ಅನ್ನೋದು ಪೂರ್ತಿ ಅವಳ ತಲೆ."

"ಅಂದ್ರೆ ಗೆದ್ರೂ ಅವಳೇ, ಸೋತ್ರೂ ಅವಳೇ."

"ಹಾಗೆಲ್ಲ ನಿರೀಕ್ಷೆ ಇಟ್ಕೋಬಾರದು" ಎಂದರು ಲಕ್ಷ್ಮೀನರಸಿಂಹ.

ಅವರ ಮಗಳು ಬೃಂದಾ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಒಂದೂವರೆ ವರ್ಷ ಅವಳು ಆಡಿದ್ದಕ್ಕಿಂತ ನೀರಿನ ಬಾಟಲಿ ಕಾದದ್ದೇ ಹೆಚ್ಚು. ತಂಡದ ಕ್ವಾರ್ಟರ್‌ಬ್ಯಾಕ್ ಪ್ರೀಮಾ ಎಂಬ ಕೊನೆಯ ವರ್ಷದ ಹುಡುಗಿ. ಹವಲ್ಲಿಯ ತನ್ನ ಮನೆಯ ಲಿಫ್ಟು ಕೆಟ್ಟ ದಿನ ಪ್ರೀಮಾ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಳು. ಬೃಂದಾಳಿಗೆ ಅವಕಾಶ ಬಂದದ್ದು ಹಾಗೆ. ಕೋಚ್ ಆಶ್ಲಿ ಮಾತನ್ನು ಸುತ್ತಿ ಬಳಸಿ ಹೇಳುವವನಲ್ಲ. ಮಂಗಳೂರಿನವರ ಮಗ, ಹುಟ್ಟಿದ್ದು ಕುವೈತ್‌ನಲ್ಲಿ, ಟೆಕ್ಸಾಸ್‌ನಲ್ಲಿ ಓದಿ, ಓದಿಗಿಂತ ಈ ಆಟವನ್ನೇ ಹೆಚ್ಚು ಕಲಿತು ವಾಪಸಾದವನು.

"ನೋಡು ಬೃಂದಾ, ಪ್ರೀಮಾ ಜೂನ್‌ನಲ್ಲಿ ಪಾಸಾಗಿ ಹೋಗ್ತಾಳೆ. ನಂಗೆ ಮುಂದಿನ ವರ್ಷಕ್ಕೆ ಒಬ್ಬಳು ಬೇಕು. ಈಗಿಂದಲೇ ಬೇಕು. ಶನಿವಾರ ನೀನು ಆಡು. ಸರಿ ಹೋದ್ರೆ ಜಾಗ ನಿನ್ನದು. ಇಲ್ಲದಿದ್ರೆ ಹೊಸ ಹುಡುಗಿಯನ್ನು ತಯಾರು ಮಾಡ್ತೇನೆ, ನೀನು ಓಡುವವರ ಜೊತೆ ಓಡು. ಬೇಜಾರ ಮಾಡಬೇಡ."

"ಐ ವಾಂಟ್ ಇಟ್, ಕೋಚ್" ಎಂದಳು ಬೃಂದಾ. ಅವಳು ಮನೆಯಲ್ಲಿ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ಪೈಕಿ. ನಿಜವಾಗಿ ಏನಾದರೂ ಬೇಕಾದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು. ಕೋಚ್‌ಗೆ ಅದು ಗೊತ್ತಿರಲಿಲ್ಲ.

ಕೋಚ್‌ಗೆ ಗೊತ್ತಿದ್ದದ್ದು ಬೇರೆ. ಬೃಂದಾಳ ಗುರಿ ಚೆನ್ನಾಗಿತ್ತು, ತೋಳು ಪ್ರೀಮಾಳದ್ದಕ್ಕಿಂತ ಬಲವಾಗಿತ್ತು, ಆದರೆ ಕೈಯಲ್ಲಿ ಚೆಂಡು ನಿಲ್ಲುತ್ತಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಎಸೆಯಲು ಏಳು ಸೆಕೆಂಡುಗಳಿವೆ. ದೂರ ಓಡುವ ಹುಡುಗಿ ದೂರ ತಲುಪಲು ಅಷ್ಟು ಹೊತ್ತು ಬೇಕೇ ಬೇಕು. ಬೃಂದಾ ಮಾತ್ರ ಆ ಹುಡುಗಿ ತಲುಪುವ ಮೊದಲೇ, ಹತ್ತಿರ ಯಾರಿದ್ದರೆ ಅವರಿಗೆ ಎಸೆದು ಮುಗಿಸಿಬಿಡುತ್ತಿದ್ದಳು.

"ಹಿಡ್ಕೊ ಮಾರಾಯ್ತಿ, ಹಿಡ್ಕೊ. ನಿನ್ನ ಕೈಯಲ್ಲಿರುದು ಬಾಲಾ, ಈಗ ಇಳಿಸಿದ ಇಡ್ಲಿಯಾ?"

"ಐ ನೋ, ಕೋಚ್." ಮುಂದಿನ ಸಲವೂ ಅದೇ ಇಡ್ಲಿ.

ಇದನ್ನು ಅನುಭವದ ಕೊರತೆ ಎಂದು ಆಶ್ಲಿ ತಿಳಿದಿದ್ದ. ವಿಷಯ ತದ್ವಿರುದ್ಧವಾಗಿತ್ತು. ಅವಳಿಗಿದ್ದದ್ದು ಬೇರೆ ಆಟದ ಅನುಭವ. ಬೃಂದಾಳ ತಾಯಿ ವೇದಾವತಿ ಒಂದು ಕಾಲಕ್ಕೆ ಮೈಸೂರು ವಿಶ್ವವಿದ್ಯಾಲಯದ ಥ್ರೋಬಾಲ್ ತಂಡದಲ್ಲಿದ್ದವರು, ಈಗ ಬ್ಯಾಂಕಿನಲ್ಲಿ ಕೆಲಸ, ಶುಕ್ರವಾರಗಳಲ್ಲಿ ಸಂಘದ ತಂಡಕ್ಕೆ ನಾಯಕಿ. ಖೈತಾನ್‌ನ ಶಾಲೆಯೊಂದರ ಅಂಗಳದಲ್ಲಿ ಅಮ್ಮಂದಿರ ಥ್ರೋಬಾಲ್ ನಡೆಯುತ್ತಿದ್ದರೆ ಮಕ್ಕಳು ಬದಿಯಲ್ಲಿ ಬೆಳೆಯುತ್ತಿದ್ದರು. ಏಳನೇ ಆಟಗಾರ್ತಿ ಬಾರದ ದಿನ ಬೃಂದಾಳನ್ನು ಒಳಗೆ ನಿಲ್ಲಿಸಿಕೊಳ್ಳುತ್ತಿದ್ದರು. ಥ್ರೋಬಾಲ್‌ನಲ್ಲಿ ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಬಿಡಬೇಕು, ಇಲ್ಲವಾದರೆ ಫೌಲ್. ಅಂಪೈರ್ ಎಣಿಸುತ್ತಾರೆ ಎಂದು ಇವರು ಯಾರೂ ನಂಬುವವರಲ್ಲ. ಆದ್ದರಿಂದ ಎಲ್ಲರೂ ಎಣಿಸುತ್ತಾರೆ. ಎದುರಾಳಿಯ ಕೈಯಲ್ಲಿ ಚೆಂಡಿದ್ದರೆ ಅಂಪೈರಿಗೆ ಕೇಳಿಸಲಿ ಎಂದು ಜೋರಾಗಿ, ನಮ್ಮವರ ಕೈಯಲ್ಲಿದ್ದರೆ ಫೌಲ್ ಆಗದಿರಲಿ ಎಂಬ ಕಾಳಜಿಯಿಂದ ಇನ್ನೂ ಜೋರಾಗಿ. ಒಂದು, ಎರಡು, ಮೂರು. ಬೃಂದಾ ಈ ಎಣಿಕೆಯೊಳಗೇ ದೊಡ್ಡವಳಾಗಿದ್ದಳು.

"ಅಮ್ಮ, ನೀವೆಲ್ಲ ಬರೋದಾದ್ರೆ ಬನ್ನಿ. ಬಟ್ ಪ್ಲೀಸ್, ನೋ ಶೌಟಿಂಗ್" ಎಂದಳು ಶನಿವಾರ ಬೆಳಿಗ್ಗೆ.

"ನಾನ್ಯಾಕೆ ಕೂಗಲಿ? ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀನಿ. ಆ ಆಟದ ತಲೆಬುಡ ಗೊತ್ತಿದ್ರೆ ತಾನೇ ಕೂಗೋದು" ಎಂದರು ವೇದಾವತಿ.

ಮಸೀದಿಯಿಂದ ಇಳಿಹೊತ್ತಿನ ಅಸರ್ ಬಾಂಗ್ ಮುಗಿದ ಮೇಲೆ ಪಂದ್ಯ. ಫೆಬ್ರವರಿಯ ಗಾಳಿಗೆ ಕಾಲೇಜಿನ ಬೇಲಿಯುದ್ದಕ್ಕೂ ರಾಷ್ಟ್ರೀಯ ದಿನದ ಬಾವುಟಗಳು ಬಡಿದುಕೊಳ್ಳುತ್ತಿದ್ದವು. ಇಂಥ ಪಂದ್ಯಗಳಿಗೆ ಸಾಮಾನ್ಯವಾಗಿ ಆಟಗಾರ್ತಿಯರ ಗೆಳತಿಯರು ಮತ್ತು ದಾರಿ ತಪ್ಪಿ ಬಂದವರು ಬಿಟ್ಟರೆ ಪ್ರೇಕ್ಷಕರಿರುವುದಿಲ್ಲ. ಆ ದಿನ ಮೆಟ್ಟಿಲುಗಳ ಒಂದು ಸಾಲು ಪೂರ್ತಿ ಸಂಘದ ಥ್ರೋಬಾಲ್ ತಂಡ, ಹಳದಿ ಟೀ-ಶರ್ಟಿನಲ್ಲಿ, ಚುರುಮುರಿಯ ಡಬ್ಬಿ ಸಮೇತ ಕೂತಿತ್ತು. ನಿರೀಕ್ಷೆ ಇಟ್ಟುಕೊಳ್ಳಬೇಡಿ ಎಂಬ ಫೋನಿನ ಫಲ.

ಬೃಂದಾಳ ಆರಂಭ ಚೆನ್ನಾಗಿಯೇ ಇತ್ತು. ಪಟಕ್ಕನೆ ಎಸೆದ ಎರಡು ಚಿಕ್ಕ ಪಾಸುಗಳು, ಮೂರನೆಯದಕ್ಕೆ ಒಬ್ಬಳು ಮೈದಾನದ ತುದಿಯ ಗೆರೆ ದಾಟಿ ಓಡಿದಳು. ಆರು ಅಂಕ. ಹಳದಿ ಸಾಲು ಎದ್ದು ನಿಂತಿತು. ಏನಾಯಿತೆಂದು ಅವರಿಗೆ ಗೊತ್ತಾಗಲಿಲ್ಲ. ಒಳ್ಳೆಯದೇನೋ ಆಯಿತೆಂದು ಗೊತ್ತಾಯಿತು.

ಎಡವಟ್ಟಾದದ್ದು ಆಮೇಲೆ. ಮುಂದಿನ ಸಲ ಚೆಂಡು ಬೃಂದಾಳ ಕೈಗೆ ಬಂದಾಗ ಅವಳು ಕೋಚ್ ಹೇಳಿದಂತೆ ಹಿಡಿದು ನಿಂತಳು. ಹುಡುಗಿ ಚೆಂಡು ಹಿಡಿದು ನಿಂತಿರುವುದನ್ನು ಕಂಡ ವೈಲೆಟ್ ಅರ್ಧಕ್ಕೆ ಎದ್ದು ನಿಂತರು. ಅವರು ಯೋಚಿಸಲಿಲ್ಲ. ಗಂಟಲು ತಾನಾಗಿ ತೆರೆಯಿತು.

"ಒಂದು."

"ಎರಡು" ಎಂದಿತು ಇಡೀ ಸಾಲು, ವೇದಾವತಿಯವರೂ ಸೇರಿ.

"ಮೂರು" ಎನ್ನುವಷ್ಟರಲ್ಲಿ ಬೃಂದಾಳ ಕೈಯಿಂದ ಚೆಂಡು ಹೋಗಿಯಾಗಿತ್ತು. ಯಾರಿಗೆಂದು ಅವಳಿಗೂ ತಿಳಿದಿರಲಿಲ್ಲ.

ಅಲ್ಲಿಂದ ಪ್ರತಿ ಸಲವೂ ಹಾಗೆಯೇ. ಎದುರಾಳಿ ತಂಡದಲ್ಲಿ ಒಂಬತ್ತನೇ ನಂಬರಿನ ಉದ್ದನೆಯ ಹುಡುಗಿಯೊಬ್ಬಳಿದ್ದಳು. ಕನ್ನಡದ ಒಂದಕ್ಷರ ತಿಳಿಯದವಳು, ಆದರೆ ಕಿವಿ ಚುರುಕು. ಮೆಟ್ಟಿಲಿನ ಹೆಂಗಸರು ಮೂರನೇ ಸಲ ಬಾಯಿ ತೆರೆದಾಗ ಚೆಂಡು ಹೊರಡುತ್ತದೆ ಎಂಬುದನ್ನು ಅವಳು ಬೇಗ ಗುರುತಿಸಿದಳು. "ಮೂರು" ಎಂಬ ಶಬ್ದಕ್ಕೆ ಸರಿಯಾಗಿ ಮುಂದೆ ಹಾರಿ, ದಾರಿಯಲ್ಲೇ ಚೆಂಡು ಹಿಡಿದು, ಇನ್ನೊಂದು ತುದಿಗೆ ಓಡಿಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಅರ್ಧ ಆಟ ಮುಗಿದಾಗ ಬೃಂದಾಳ ತಂಡ ಆರು, ಅವರು ಹನ್ನೆರಡು.

"ನಾನು ಮೊದಲೇ ಹೇಳಿದ್ದೆ" ಎಂದರು ಲಕ್ಷ್ಮೀನರಸಿಂಹ. ಪಕ್ಕದಲ್ಲಿ ಯಾರೂ ಇರಲಿಲ್ಲ.

ವಿರಾಮದಲ್ಲಿ ಆಶ್ಲಿ ನೇರ ಮೆಟ್ಟಿಲಿನ ಹತ್ತಿರ ಬಂದ. "ಆಂಟಿ, ನೀವೆಲ್ಲ ಎಂತ ಎಣಿಸುದು?"

"ಸೆಕೆಂಡು" ಎಂದರು ವೈಲೆಟ್. "ಎಂತ, ಎಣಿಸಬಾರ್ದಾ?"

"ಬಾಲ್ ಕೈಲಿರೋರಿಗೆ ಎಣಿಸ್ತೀವಪ್ಪ" ಎಂದು ವೇದಾವತಿ ವಿವರಿಸಿದರು. "ಮೂರರೊಳಗೆ ಬಿಡದಿದ್ರೆ ಫೌಲ್ ಆಗ್ಬಿಡತ್ತಲ್ಲ, ನಮ್ಮ ಹುಡುಗಿ ಪಾಪ, ಮರೆತು ನಿಂತ್ಕೊಂಡ್ಲು ಅಂತ."

ಒಂದೂವರೆ ವರ್ಷದ ಇಡ್ಲಿಗಳೆಲ್ಲ ಆಶ್ಲಿಯ ಕಣ್ಣ ಮುಂದೆ ಬಂದಿರಬೇಕು.

"ಇಲ್ಲಿ ಏಳು ಸೆಕೆಂಡು ಉಂಟು ಆಂಟಿ."

"ಏಳಾ? ಏಳು ಸೆಕೆಂಡು ಬಾಲ್ ಇಟ್ಕೊಂಡು ಏನ್ ಮಾಡ್ತಾರೆ?"

"ಅದನ್ನೇ ನಾನು ನಿಮ್ಮ ಮಗಳಿಗೆ ಕಲಿಸ್ತಾ ಇರುದು."

ವೇದಾವತಿಯವರ ಮುಖ ಸಣ್ಣದಾಯಿತು. ತಾನೇ ನಿಂತು ಮಗಳನ್ನು ಸೋಲಿಸುತ್ತಿದ್ದೇನೆ ಎಂಬುದು ಅರ್ಥವಾಗಲು ಅವರಿಗೆ ಏಳು ಸೆಕೆಂಡೇನೂ ಬೇಕಾಗಲಿಲ್ಲ. "ಆಯ್ತಪ್ಪ, ಖಲಾಸ್. ಇನ್ನು ಯಾರೂ ಉಸಿರೆತ್ತಲ್ಲ. ವೈಲೆಟ್, ಬಾಯಿಗೆ ಚುರುಮುರಿ ಹಾಕ್ಕೊ."

ಅಷ್ಟರಲ್ಲಿ ಬೃಂದಾ ಬೇಲಿಯ ಹತ್ತಿರ ಬಂದಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು.

"ಅಮ್ಮ, ನಿಲ್ಲಿಸಬೇಡಿ."

"ಏನು?"

"ಎಣಿಸಿ. ಇನ್ನೂ ಜೋರಾಗಿ ಎಣಿಸಿ."

"ನಿಂಗೆ ತಲೆ ಸರಿ ಉಂಟಾ?" ಎಂದ ಆಶ್ಲಿ.

"ನಂಬರ್ ನೈನ್ ಕೂಡ ಕೇಳಿಸ್ಕೊಳ್ತಿದಾಳೆ ಕೋಚ್. ಅವಳು ಬಾಲ್ ನೋಡ್ತಾ ಇಲ್ಲ, ನನ್ನನ್ನೂ ನೋಡ್ತಾ ಇಲ್ಲ. ಇವರನ್ನ ಕೇಳ್ತಿದಾಳೆ. ಮೂರು ಅಂದ ತಕ್ಷಣ ಮುಂದೆ ಬರ್ತಾಳೆ. ಆಗ ಅವಳ ಹಿಂದೆ ಫುಲ್ ಖಾಲಿ."

ಹುಡುಗಿ ಇಷ್ಟು ಕನ್ನಡ ಒಟ್ಟಿಗೆ ಆಡಿದ್ದನ್ನು ಕೇಳಿ ವೇದಾವತಿ ಆಟವನ್ನೇ ಮರೆತರು. ಆಶ್ಲಿ ಮೈದಾನದ ಕಡೆ ನೋಡಿದ, ಒಂಬತ್ತನೇ ನಂಬರಿನ ಕಡೆ ನೋಡಿದ.

"ಮತ್ತೆ ಮೂರಕ್ಕೆ ನಿನ್ನ ಕೈ ನಿಲ್ತದಾ?"

ಬೃಂದಾ ತನ್ನ ಕೈಯನ್ನೇ ನೋಡಿಕೊಂಡಳು. ಪ್ರಶ್ನೆ ಅದೊಂದೇ ಆಗಿತ್ತು.

ದ್ವಿತೀಯಾರ್ಧದ ಮೊದಲನೇ ಎಸೆತ. ಒಂದು, ಎರಡು, ಮೂರು. ಕೈ ನಿಲ್ಲಲಿಲ್ಲ. ಬಾಲ್ಯದಿಂದ ಹೇಳಿದಂತೆ ಕೇಳಿದ ಕೈ ಅದು, ಹಳದಿ ಸಾಲಿನ ಮಾತು ಕೇಳಿ ಚೆಂಡನ್ನು ನೆಲಕ್ಕೆ ಒಗೆಯಿತು. ಎರಡನೇ ಸಲ ಕೈ ನಿಂತಿತು. ನಿಂತದ್ದು ಎಷ್ಟು ಗಟ್ಟಿಯಾಗಿ ಎಂದರೆ ಆಮೇಲೂ ಏಳಲಿಲ್ಲ. ಎದುರಿನಿಂದ ಓಡಿಬಂದವಳು ನಿಧಾನವಾಗಿ, ಹೂವು ಕಿತ್ತಂತೆ, ಸೊಂಟದ ಪಟ್ಟಿ ಕಿತ್ತುಕೊಂಡು ಹೋದಳು.

"ಯಾಕೆ ಹೀಗ್ ಮಾಡ್ತಿದಾಳೆ?" ಎಂದು ಲಕ್ಷ್ಮೀನರಸಿಂಹ ಕೇಳಿದರು. ಮೆಟ್ಟಿಲ ಕೆಳಗೆ ಕಾಲಿಗೆ ಬ್ಯಾಂಡೇಜು ಸುತ್ತಿ ಕೂತಿದ್ದ ಪ್ರೀಮಾ ಉಗುರು ಕಚ್ಚುತ್ತಿದ್ದಳು.

ಮೂರನೇ ಸಲ.

"ಒಂದು."

ಬೃಂದಾ ಎರಡು ಹೆಜ್ಜೆ ಹಿಂದೆ ಸರಿದಳು.

"ಎರಡು."

ತೋಳು ಮೇಲೆದ್ದಿತು.

"ಮೂರು."

ತೋಳು ಮುಂದೆ ಬಂತು, ಅರ್ಧ ದಾರಿಯಲ್ಲಿ ನಿಂತಿತು. ಒಂಬತ್ತನೇ ನಂಬರು ಆಗಲೇ ಮುಂದೆ ಹಾರಿದ್ದಳು, ಬಾರದ ಚೆಂಡಿಗೆ ಕೈ ಚಾಚಿಕೊಂಡು. ಹಳದಿ ಸಾಲು ಸ್ತಬ್ಧವಾಯಿತು. ಮೂರರ ಮುಂದೆ ಏನೆಂದು ಅವರು ಈವರೆಗೆ ಹೇಳಿದವರಲ್ಲ. ನಾಲ್ಕು ಎಂಬ ಸಂಖ್ಯೆ ಆ ಆಟದಲ್ಲಿ ಇರಲಿಲ್ಲ. ಬೃಂದಾ ಬದಿಗೆ ಜಾರಿದಳು, ಪಟ್ಟಿ ಕೀಳಲು ಬಂದ ಕೈಯಿಂದ ಗೇಣುದೂರ ತಪ್ಪಿಸಿಕೊಂಡಳು. ಆ ನಿಶ್ಶಬ್ದದಲ್ಲಿ ವೇದಾವತಿಯವರ ಬಾಯಿಂದ ತಡೆಯಲಾರದೆ ಒಂದು ಮಾತು ಹೊರಬಿತ್ತು.

"ಫೌಲ್."

ಆಗ ಬೃಂದಾ ಎಸೆದಳು. ಚೆಂಡು ಒಂಬತ್ತನೇ ನಂಬರಿನ ತಲೆಯ ಮೇಲಿಂದ, ಬಾವುಟಗಳ ಬಡಿತದ ಮೇಲಿಂದ, ಯಾರೂ ಇಲ್ಲದ ಜಾಗಕ್ಕೆ ಹೋಯಿತು. ಅಲ್ಲಿಗೆ ಅವಳ ತಂಡದ ಹುಡುಗಿ ಆಗಷ್ಟೇ ತಲುಪುತ್ತಿದ್ದಳು. ಹನ್ನೆರಡಕ್ಕೆ ಹನ್ನೆರಡು.

ಗೆರೆ ದಾಟಿದವರಿಗೆ ಒಂದು ಅಂಕಕ್ಕಾಗಿ ಇನ್ನೊಂದು ಎಸೆತ ಸಿಗುತ್ತದೆ. ಅಲ್ಲಿಯವರೆಗೆ ಯಾವ ತಂಡಕ್ಕೂ ಆ ಅಂಕ ದಕ್ಕಿರಲಿಲ್ಲ. ಹೆಂಗಸರು ಎಣಿಸಿದರು. ಒಂಬತ್ತನೇ ನಂಬರಿಗೆ ಈಗ ಕಿವಿಯ ಮೇಲೆ ನಂಬಿಕೆ ಹೋಗಿತ್ತು. "ಮೂರು" ಎಂದರೂ ಕದಲದೆ ಹಿಂದೆಯೇ ನಿಂತಳು. ಬೃಂದಾ ಮೂರಕ್ಕೇ ಎಸೆದಳು, ಹಳೆಯ ಥ್ರೋಬಾಲ್ ಎಸೆತ, ಒಂಬತ್ತನೇ ನಂಬರಿನ ಮೂಗಿನ ಎದುರಿಗೇ ನಿಂತಿದ್ದ ತನ್ನ ತಂಡದವಳಿಗೆ. ಹದಿಮೂರು.

ಪಂದ್ಯ ಸೋತರು. ಕೊನೆಯಲ್ಲಿ ಎದುರು ತಂಡದವರು ಇನ್ನೊಮ್ಮೆ ಗೆರೆ ದಾಟಿ ಹದಿನೆಂಟಕ್ಕೆ ಹೋದರು. ಅವರ ಕ್ವಾರ್ಟರ್‌ಬ್ಯಾಕ್‌ಗೂ ಈ ಸಾಲು ಜೋರಾಗಿ ಎಣಿಸಿ ನೋಡಿತು, ಅವಳು ಕ್ಯಾರೇ ಎನ್ನಲಿಲ್ಲ. ಲಕ್ಷ್ಮೀನರಸಿಂಹ ಫೋನು ತೆಗೆದು, ನಿರೀಕ್ಷೆಯ ಬಗ್ಗೆ ತಾವು ಕೊಟ್ಟಿದ್ದ ಎಚ್ಚರಿಕೆಯನ್ನು ಯಾರಿಗೆ ಮೊದಲು ನೆನಪಿಸುವುದೆಂದು ಯೋಚಿಸುತ್ತಿದ್ದರು.

ಆಶ್ಲಿ ಮತ್ತೆ ಮೆಟ್ಟಿಲಿನ ಹತ್ತಿರ ಬಂದ. ಬೃಂದಾ ಅವನ ಹಿಂದೆ, ಸೊಂಟದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಅವನು ಅವಳಿಗೆ ಏನೂ ಹೇಳಿರಲಿಲ್ಲ.

"ಆಂಟಿ, ಬರುವ ಶನಿವಾರ ನಿಮ್ಮ ಟೀಮ್ ಫ್ರೀ ಉಂಟಾ?"

"ಯಾಕಪ್ಪಾ? ಪ್ರೀಮಾ ಕಾಲು ಸರಿ ಹೋಗಿರತ್ತಲ್ಲ?"

"ಹೋಗಿರ್ತದೆ. ಪ್ರೀಮಾ ಓಡುವವರ ಜೊತೆ ಓಡ್ತಾಳೆ. ಅವಳಿಗೆ ಹೇಳಿದ್ದೇನೆ."

ಬೃಂದಾಳ ಬೆರಳಿನಿಂದ ಪಟ್ಟಿ ಬಿಚ್ಚಿಕೊಂಡಿತು. ವೈಲೆಟ್ ಚುರುಮುರಿಯ ಡಬ್ಬಿಯನ್ನು ಕೋಚ್‌ನ ಕಡೆಗೆ ಚಾಚಿದರು. ಅವನು ಒಂದು ಹಿಡಿ ತೆಗೆದುಕೊಂಡ.

ಮನೆಗೆ ಹೋಗುವಾಗ ಐದನೇ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಮಲಗಿದಂತಿದ್ದ ಬೃಂದಾ ಕಣ್ಣು ತೆರೆಯದೆ ಮಾತಾಡಿದಳು.

"ಅಮ್ಮ, ನಿಮ್ಮೆಲ್ಲರದ್ದೂ ಮೂರು ಅನ್ನುವಾಗ ದನಿ ಸ್ವಲ್ಪ ಏರತ್ತೆ. ನೈನ್ ಅದನ್ನೇ ಹಿಡ್ಕೊಂಡಿದ್ಲು. ಮುಂದಿನ ವಾರ ಎರಡಕ್ಕೇ ಏರಿಸಿ, ಆ ಕಡೆಯವರು ಆಗಲೇ ಹಾರ್ಲಿ."

"ಎರಡಕ್ಕಾ?"

"ಹೂಂ. ವೈಲೆಟ್ ಆಂಟಿಗೂ ಹೇಳು. ಈಗ ಒಂದ್ಸಲ ಅಂದು ತೋರಿಸು."

ವೇದಾವತಿ ಗಂಟಲು ಸರಿಮಾಡಿಕೊಂಡರು. ಲಕ್ಷ್ಮೀನರಸಿಂಹ ದೀಪ ಹಸಿರಾದದ್ದನ್ನು ಗಮನಿಸಲಿಲ್ಲ.

"ಒಂದು. ಎರಡು."

"ಇನ್ನೂ ಸ್ವಲ್ಪ" ಎಂದಳು ಬೃಂದಾ.