ಕಿವಿಯಿಂದ ಕಿವಿಯವರೆಗೆ

ಮತ್ತಿಗಿರಿಯ ಚರ್ಮದ ಕ್ಲಿನಿಕ್ಕಿನಲ್ಲಿ ನನ್ನ ಮೇಜು ಇರುವುದು ಕಾಯುವವರ ಬೆಂಚಿನ ಹಿಂದೆ. ಹಾಗಾಗಿ ಮುಖಗಳಿಗಿಂತ ಹಿಂದಲೆಗಳೇ ನನಗೆ ಹೆಚ್ಚು ಪರಿಚಯ. ಡಾಕ್ಟರು ಬರೆದ ರೋಗದ ಹೆಸರನ್ನು ಓದಿ, ಅದಕ್ಕೆ ಸರಿಯಾದ ಕೋಡ್ ಹುಡುಕಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ತರಬೇತಿಯಲ್ಲಿ ಕಲಿಸಿದ ಮೊದಲ ನಿಯಮ: ಕಣ್ಣಿಗೆ ಕಂಡದ್ದಕ್ಕೆ ಕೋಡ್ ಇಲ್ಲ, ಡಾಕ್ಟರು ಬರೆದದ್ದಕ್ಕೆ ಮಾತ್ರ. ಎರಡನೆಯದು: ‘ಇರಬಹುದು’ ಎಂದು ಬರೆದಿದ್ದರೆ ಅದನ್ನು ‘ಇದೆ’ ಎಂದು ಹಾಕಕೂಡದು.

ಆ ಗುರುವಾರ ಬೆಳಿಗ್ಗೆ ಮುನಿರತ್ನ ತನ್ನ ತಾಯಿಯೊಡನೆ ಬಂದಳು. ಅವಲಪಲ್ಲಿ ಕಡೆಯವರು, ಗುಲಾಬಿ ಮತ್ತು ರಾಗಿ ಬೆಳೆಯುವ ಮನೆ. ಮುನಿರತ್ನ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಲೈನಿನಲ್ಲಿದ್ದಳು. ತಲೆಗೆ ದುಪಟ್ಟಾ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಳು. ತಾಯಿ ರಾಮಲಕ್ಷ್ಮಮ್ಮ ಅವಳಿಂದ ಒಂದು ಮೊಳ ದೂರ ಬಿಟ್ಟು ಕೂತು, ನನ್ನತ್ತ ತಿರುಗಿದರು.

“ಆರು ವಾರದಿಂದ ಮಾತ್ರೆ ನುಂಗವ್ಳೆ ಕಣಮ್ಮ, ಏನೂ ವಾಸಿ ಆಗಿಲ್ಲ. ಕಂಪ್ನಿಯೋರು ನಿಮ್ ಚೀಟಿ ನೋಡ್ಬುಟ್ಟು, ಅಂಟುರೋಗ, ಬಸ್ ಅತ್ಬೇಡ ಅಂದ್ಬುಟ್ರು. ನಾಳೆ ಒಳ್ಗೆ ಬೇರೆ ಚೀಟಿ ತರ್ದಿದ್ರೆ ಇವ್ಳ ಜಾಗಕ್ಕೆ ಇನ್ನೊಬ್ಳು ಬತ್ತಾಳಂತೆ.”

“ಕಂಪ್ನಿ ಒಂದೇನಾ?” ಮುನಿರತ್ನ ತಿರುಗದೆಯೇ ಅಂದಳು. “ಮನೇಲೂ ಅಷ್ಟೆ. ನಂಗೆ ಬೇರೆ ತಟ್ಟೆ, ಬೇರೆ ಬಾಚಣಿಗೆ, ಜಗುಲಿ ಮೇಲೆ ಆಸ್ಗೆ. ನಾಯಿ ಒಳ್ಗೆ ಮಲಗ್ತದೆ.”

“ನಿಮ್ಮಕ್ಕನ ಕೂಸು ಐತಲ್ಲೇ. ಅದ್ಕೇನಾರ ಅಂಟ್ಕೊಂಡ್ರೆ?”

“ಆ ಕೂಸ್ಗೆ ಕೂದ್ಲೇ ಉಟ್ಟಿಲ್ಲ, ಉದುರಾಕೆ.”

ರಾಮಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಅವರನ್ನು ಡಾಕ್ಟರು ಒಳಗೆ ಕರೆದ ಮೇಲೆ ಫೈಲು ತೆರೆದೆ. ಮೊದಲ ಭೇಟಿಯಲ್ಲಿ ನೋಡಿದ್ದು, ಈಗ ಕೆಲಸ ಬಿಟ್ಟುಹೋಗಿರುವ ಡಾಕ್ಟರೊಬ್ಬರು. ‘ತಲೆಯ ಹುಳುಕಡ್ಡಿ ಇರಬಹುದು, ಕೆರೆದು ಪರೀಕ್ಷೆಗೆ ಕಳಿಸಿದೆ’ ಎಂದು ಬರೆದಿದ್ದರು. ಅದರ ಹಿಂದಿನ ಹಾಳೆಯಲ್ಲಿ ಲ್ಯಾಬಿನ ವರದಿ: ಹುಳುಕಡ್ಡಿಯ ಫಂಗಸ್ ಕಂಡುಬಂದಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ತಲೆಯ ಹುಳುಕಡ್ಡಿ, ಬಿ ಮೂವತ್ತೈದು ಪಾಯಿಂಟ್ ಸೊನ್ನೆ, ಖಚಿತ. ಕೆಳಗೆ ಕೋಡ್ ಹಾಕಿದವರ ಹೆಸರು ನನ್ನದು. ಅದು ನನ್ನ ಮೊದಲ ವಾರ. ವರದಿ ಬಂದಾಗ ಯಾರಿಗೂ ತೋರಿಸದೆ ಫೈಲಿಗೆ ಸೇರಿಸಿದವಳೂ ನಾನೇ. ಕಂಪನಿಗೆ ಹೋಗುವ ಚೀಟಿ ಕೋಡನ್ನು ನೋಡಿ ತಾನಾಗಿ ಅಚ್ಚಾಗುತ್ತದೆ. ನಾನು ಒಂದು ‘ಇರಬಹುದು’ ಬಿಟ್ಟುಬಿಟ್ಟಿದ್ದೆ. ಅದು ಅವಲಪಲ್ಲಿಗೆ ಹೋಗಿ ಜಗುಲಿಯ ಮೇಲಿನ ಹಾಸಿಗೆಯಾಗಿತ್ತು.

ಸುಮ್ಮನೆ ಕೋಡ್ ಬದಲಿಸುವ ಹಕ್ಕು ನನಗಿಲ್ಲ. ಡಾಕ್ಟರನ್ನೇ ಕೇಳಬೇಕು, ಕೇಳುವಾಗ ಉತ್ತರವನ್ನು ನಾವಾಗಿ ಸೂಚಿಸಕೂಡದು. ಬಾಯಿಂದ ಬಾರದ್ದು ನನಗೆ ಕೈಯಿಂದ ಬರುತ್ತದೆ, ಡೈರಿ ಬರೆದ ರೂಢಿ. ಬರೆದೆ: ‘ಮೊದಲ ಭೇಟಿಯಲ್ಲಿ ಅನುಮಾನ ಮಾತ್ರ. ವರದಿಯಲ್ಲಿ ಫಂಗಸ್ ಇಲ್ಲ. ಖಚಿತ ಎಂದು ಹಾಕಿದ್ದು ನನ್ನ ತಪ್ಪು. ರೋಗ ಯಾವುದೆಂದು ದಯವಿಟ್ಟು ಬರೆಯಿರಿ.’ ಕಾಗದವನ್ನು ಬಾಗಿಲ ಸಂದಿಯಿಂದ ಕೊಟ್ಟು ಹಿಂದೆ ಸರಿದೆ.

“ಸೌಮ್ಯಾ! ಇಂಗ ವಾಮ್ಮಾ,” ಡಾಕ್ಟರ್ ರಾಧಾಮಣಿ ಕರೆದರು. ಒಳಗೆ ಹೋದೆ. “ಇದನ್ನ ನನಗಲ್ಲ, ಇವರಿಗೆ ಹೇಳು.”

“ತಪ್ಪು ನಂದು,” ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. “ಅಂಟುರೋಗ ಇದೆ ಅಂತ ಯಾವ ಡಾಕ್ಟರೂ ಬರೆದಿರ್ಲಿಲ್ಲ. ನಾನು ಹಾಕ್ಬಿಟ್ಟೆ.”

“ಅಯ್ಯೋ, ನಿನ್ ಕೈ ಸೇದೋಗ!” ಅಂದರು ರಾಮಲಕ್ಷ್ಮಮ್ಮ. ಮುನಿರತ್ನ ನನ್ನತ್ತ ನೋಡದೆ ದುಪಟ್ಟಾ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಅದೇ ಹೆಚ್ಚು ಚುಚ್ಚಿತು.

ಡಾಕ್ಟರು ಕ್ಯಾಮೆರಾ ಇರುವ ಪುಟ್ಟ ಭೂತಗನ್ನಡಿಯೊಂದನ್ನು ಅವಳ ನೆತ್ತಿಯ ಬೋಳು ಜಾಗಕ್ಕೆ ಒತ್ತಿದರು. ಎದುರಿನ ಪರದೆ ಬೆಳಗಿತು.

“ಅಲೊಪೇಶಿಯಾ ಏರಿಯೇಟಾ,” ಎಂದರು ಡಾಕ್ಟರು, “ಕೂದಲು ಬಿಲ್ಲೆಬಿಲ್ಲೆಯಾಗಿ ಉದುರೋ ರೋಗ.” ಆ ಹೆಸರನ್ನು ತರಬೇತಿಯಲ್ಲಿ ಎಷ್ಟೋ ಸಲ ಬರೆದಿದ್ದೆ, ಕಂಡಿರಲಿಲ್ಲ. ಬೋಳು ಎಂದುಕೊಂಡ ಜಾಗ ಬರಿದಾಗಿರಲಿಲ್ಲ. ಎಣಿಕೆಗೆ ಸಿಗದಷ್ಟು ಪುಟ್ಟ ಕುಳಿಗಳು, ಕುಳಿಗಳಲ್ಲಿ ಹಳದಿ ಚುಕ್ಕೆಗಳು. ಬುಡದಲ್ಲಿ ಸಣಕಲಾಗಿ ತುದಿಯಲ್ಲಿ ದಪ್ಪಗಿದ್ದ ಮೊಂಡು ಕೂದಲುಗಳು. ಅವುಗಳ ನಡುವೆ ಅಲ್ಲಲ್ಲಿ, ರೇಷ್ಮೆಯ ಎಳೆಗಿಂತ ತೆಳುವಾಗಿ, ಬೆಳ್ಳಗೆ ಏನೋ ತಲೆಯೆತ್ತಿತ್ತು. 

“ಮೈ ಕಾಯೋ ಪಡೆ ಕೂದಲ ಬುಡಾನೇ ವೈರಿ ಅಂದ್ಕೊಂಡ್ಬಿಟ್ಟಿದೆ,” ಡಾಕ್ಟರು ಹೇಳಿದರು. “ಆದ್ರೆ ಬುಡ ಸತ್ತಿಲ್ಲ, ನೋಡಿ. ಇದು ಯಾರಿಗೂ ಅಂಟೋದಿಲ್ಲ.”

ರಾಮಲಕ್ಷ್ಮಮ್ಮ ಪರದೆಯ ಹತ್ತಿರ ಹೋಗಿ ಬಗ್ಗಿದರು. “ರಾಗಿ ಪೈರು ಕಣೆ ಮುನಿರತ್ನ! ಒಟ್ಲು ಪಾತಿನಾಗೆ ಎದ್ದಂಗೆ ಎದ್ದದೆ.”

“ಬೆಳೀಬೋದು, ಮತ್ತೆ ಉದುರ್ಬೋದು. ಮಾತು ಕೊಡಲ್ಲ ನಾನು,” ಎಂದ ಡಾಕ್ಟರು ನನ್ನ ಕಡೆ ನೋಡಿದರು. “ನಿನ್ನ ಮೇಜಿಂದ ಎಲ್ಲರ ಹಿಂದಲೆ ಕಾಣುತ್ತಲ್ಲ. ಇನ್ನೇನಾದ್ರೂ ನೋಡಿದ್ದೀಯಾ?”

ನೋಡಿದ್ದೆ. ಬೆಳಿಗ್ಗೆ ದುಪಟ್ಟಾ ಜಾರಿದಾಗ ನೋಡಿದ್ದೆ. ಕೇಳಿದ ಮೇಲೆ ಹೇಳಬಹುದು. ಆದರೂ ಮಾತು ಬಾರದೆ, ನನ್ನ ಬೆರಳನ್ನು ನನ್ನದೇ ಒಂದು ಕಿವಿಯ ಹಿಂದಿನಿಂದ ಕತ್ತಿನ ಮೇಲೆ ಹಾಯಿಸಿ ಇನ್ನೊಂದು ಕಿವಿಗೆ ತಂದೆ.

ಡಾಕ್ಟರು ಅವಳ ಜಡೆ ಎತ್ತಿದರು. ಅಡಿಯಲ್ಲಿ ಎರಡು ಬೆರಳಗಲದ ನುಣ್ಣನೆಯ ಪಟ್ಟಿ ಕಿವಿಯಿಂದ ಕಿವಿಗೆ ಹರಿದಿತ್ತು. ಡಾಕ್ಟರು ನನ್ನ ಕಾಗದಕ್ಕೆ ಬಗ್ಗಿ ರೋಗದ ಹೆಸರು ಬರೆಯತೊಡಗಿದರು. “ಇದು ಸ್ವಲ್ಪ ಹಟಮಾರಿ ಜಾತಿ. ತಿಂಗಳುಗಟ್ಟಲೆ ಹಿಡಿಯುತ್ತೆ. ಇದರ ಕೋಡ್ ಬೇರೆ ಅಲ್ವಾ ಸೌಮ್ಯಾ?”

“ಎಲ್ ಅರವತ್ತಮೂರು ಪಾಯಿಂಟ್ ಎರಡು, ಮೇಡಂ.”

ಮುನಿರತ್ನ ತಿರುಗಿದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ.

“ಇದ್ಕೂ ನಂಬರ್ ಐತಾ? ಕಿವಿಯಿಂದ ಕಿವಿಗೆ, ಇಂಗೇ ಓಗೋದ್ಕೆ?”

“ಹೂಂ.”

“ಅಂಗಾರೆ ನಂಗೊಬ್ಳಿಗೇ ಅಲ್ಲ.”

ಪುಸ್ತಕದಲ್ಲಿ ಆ ಸಾಲನ್ನು ಎಷ್ಟು ಸಲ ದಾಟಿಹೋಗಿದ್ದೆನೋ. ಆ ಒಂದು ಅಂಕಿಗೆ ಜಾಗ ಸಿಗಬೇಕಾದರೆ ಯಾವ ಯಾವ ಊರುಗಳಲ್ಲಿ ಯಾರು ಯಾರ ಜಡೆ ಎತ್ತಿ ನೋಡಿದ್ದರೋ! ಅವರೆಲ್ಲ ಬಂದು ಆ ಪುಟ್ಟ ಕೋಣೆಯಲ್ಲಿ ನಮ್ಮ ಹಿಂದೆ ನಿಂತ ಹಾಗಿತ್ತು.

ಹಳೆಯ ಕೋಡನ್ನು ಅಳಿಸಲು ಬರುವುದಿಲ್ಲ. ತಪ್ಪೆಂದು ಗುರುತು ಹಾಕಿ, ಅದರ ಮುಂದೆ ನನ್ನ ಹೆಸರು ಮತ್ತು ತಾರೀಖು ಬರೆದು, ಹೊಸದನ್ನು ಸೇರಿಸಿದೆ. ‘ಅಂಟುವ ರೋಗವಲ್ಲ, ಕೆಲಸ ಮಾಡಬಹುದು’ ಎಂಬ ಚೀಟಿಗೆ ಡಾಕ್ಟರು ಸಹಿ ಹಾಕಿದರು. ಮುನಿರತ್ನ ಬೆಂಚಿನಲ್ಲಿ ಕೂತು ಅದನ್ನು ಎರಡು ಸಲ ಓದಿ ಮಡಿಚಿದಳು.

“ನಿನ್ ಕೈ ನೆಟ್ಗಿರ್ಲಿ ಬುಡಮ್ಮ,” ನನಗೆ ಹೇಳಿದ ರಾಮಲಕ್ಷ್ಮಮ್ಮ ಮಗಳ ಪಕ್ಕದಲ್ಲಿ ಕೂತರು. ಈ ಸಲ ನಡುವೆ ಮೊಳ ಜಾಗವಿರಲಿಲ್ಲ. “ಎಲ್ಲಿ, ತೋರ್ಸು.”

ಗುಲಾಬಿ ಮುಳ್ಳು ಗೀರಿದ ಆ ಅಂಗೈ ಜಡೆಯ ಕೆಳಗೆ ಹೋಯಿತು. ಒಂದು ಕಿವಿಯಿಂದ ಇನ್ನೊಂದಕ್ಕೆ, ಮೆಲ್ಲಗೆ.

“ಬೆಚ್ಚಗೈತೆ ಕಣೆ.”

“ಮತ್ತೆ? ತಲೆ ಅಲ್ವಾ, ಮಡಕೇನಾ?” ಎಂದಳು ಮುನಿರತ್ನ.

ಹೊರಗೆ ಅವಲಪಲ್ಲಿ ಬಸ್ಸು ಹಾರನ್ ಹೊಡೆಯಿತು, ಇನ್ನೊಮ್ಮೆ ಹೊಡೆದು ಹೊರಟೇಹೋಯಿತು. ಬೆಂಚಿನ ಹಿಂದೆ ಕೂತ ನನಗೆ ಅವರ ಹಿಂದಲೆಗಳಷ್ಟೇ ಕಾಣುತ್ತಿದ್ದವು. ತಾಯಿಯ ಕೈ ಇನ್ನೂ ಅಲ್ಲೇ ಇತ್ತು.